ಅಮೆರಿಕದ ಮೂಲನಿವಾಸಿಗಳಾದ ಯೂಚಿ ಜನರಿಗೆ ಅಲ್ಲಿನ ಸರ್ಕಾರದ ಪ್ರತ್ಯೇಕ ಮಾನ್ಯತೆ ಇಲ್ಲ. ಆದರೂ ಅವರು ಬೇರೆಯೇ ಸಮುದಾಯವಾಗಿ ಉಳಿದದ್ದು ಹೇಗೆ?

ಬಹುಮಟ್ಟಿಗೆ ತಮ್ಮ ಆಚರಣೆಯ ಬಯಲುಗಳಿಂದ. 1830ರ ದಶಕದಲ್ಲಿ ಅಮೆರಿಕ ಸರ್ಕಾರ ಆಗ್ನೇಯ ಭಾಗದಿಂದ ಮಸ್ಕೋಗಿ ಕ್ರೀಕರೆಂಬ ಇನ್ನೊಂದು ಮೂಲನಿವಾಸಿ ಜನರನ್ನು ಎಬ್ಬಿಸಿದಾಗ ಯೂಚಿಗಳನ್ನೂ ಅವರ ಜೊತೆಗೇ ಈಗಿನ ಒಕ್ಲಹೋಮಾಕ್ಕೆ ಅಟ್ಟಿತು. ದಾಖಲೆಯಲ್ಲಿ ಹೆಚ್ಚಿನವರು ಇಂದಿಗೂ ಕ್ರೀಕ್ ನೇಷನ್ನಿನ, ಎಂದರೆ ಕ್ರೀಕರ ಬುಡಕಟ್ಟು ಸರ್ಕಾರದ, ಸದಸ್ಯರೇ. ಪ್ರತ್ಯೇಕ ಮಾನ್ಯತೆಗೆ ಹಾಕಿದ ಅರ್ಜಿ ತಿರಸ್ಕೃತವಾಯಿತು.

ಆದರೆ ಪೋಲ್‌ಕ್ಯಾಟ್, ಡಕ್ ಕ್ರೀಕ್, ಸ್ಯಾಂಡ್ ಕ್ರೀಕ್ ಎಂಬ ಮೂರು ಬಯಲುಗಳು ಯೂಚಿಗಳವೇ. ಬೇಸಿಗೆಯಲ್ಲಿ ಅಲ್ಲಿ ಎಳೆ ಮೆಕ್ಕೆಜೋಳದ ಹಬ್ಬ ನಡೆಯುತ್ತದೆ. ಹೆಂಗಸರ ರಿಬ್ಬನ್ ನೃತ್ಯ, ಗಂಡಸರ ಉಪವಾಸ, ಬೇರುಗಳ ಕಷಾಯ, ತೋಳು-ಕಾಲುಗಳ ಚರ್ಮ ಗೀರಿಸಿಕೊಳ್ಳುವುದು, ಇವೆಲ್ಲ ಶುದ್ಧಿಯ ಕ್ರಮಗಳು. ರಾತ್ರಿಯಿಡೀ ಬೆಂಕಿಯ ಸುತ್ತ ಕುಣಿತ: ಮುಂದಾಳು ಹಾಡಿನ ಸಾಲು ಎತ್ತುತ್ತಾನೆ, ಗಂಡಸರು ದನಿಗೂಡಿಸುತ್ತಾರೆ. ತಾಳ ಹೆಂಗಸರದು! ಕಾಲಿಗೆ ಕಟ್ಟಿದ ಆಮೆಚಿಪ್ಪಿನ ಗಿಲಕಿಗಳಿಂದ, ಈಗೀಗ ತಗಡಿನ ಡಬ್ಬಿಗಳಿಂದಲೂ. ಅವರಿಲ್ಲದೆ ಕುಣಿತ ಸಾಗುವುದಿಲ್ಲ. ನೆರೆಯ ಕ್ರೀಕ್ ಬಯಲುಗಳವರೂ ಬಂದು ಸೇರುತ್ತಾರೆ, ಇವರೂ ಅಲ್ಲಿಗೆ ಹೋಗುತ್ತಾರೆ. ಬೆರೆತೂ ಬೇರೆಯಾಗಿ ಉಳಿಯುವ ಬಗೆ ಇದು ಎಂದು ನನಗನಿಸುತ್ತದೆ.

ಎಲ್ಲ ಯೂಚಿಗಳೂ ಬಯಲಿಗೆ ಬರುವವರಲ್ಲ. ಮೆಥಡಿಸ್ಟ್ ಚರ್ಚಿನವರೂ ಇದ್ದಾರೆ. ಯೂಚಿ ನುಡಿಗೆ ಲೋಕದಲ್ಲಿ ಬಂಧುಭಾಷೆಯೇ ಇಲ್ಲ. ಅದನ್ನು ಒಕ್ಲಹೋಮಾದ ಸಪಲ್ಪಾ ಪಟ್ಟಣದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದಾರೆ.