ಹೊರಗೆ ಹೋಗೋಣ ಎಂದು ಮತ ಹಾಕಿದವರಲ್ಲಿ ನಾನೂ ಒಬ್ಬ

ನೀವು ಕೇಳಿದ್ದು ಇಷ್ಟು: "ಐರೋಪ್ಯ ಒಕ್ಕೂಟ ಬಿಟ್ಟು ಬ್ರಿಟನ್ ಹಾಳಾಯಿತು ಎಂದು ಕೆಲವರು ಹೇಳುತ್ತಾರೆ, ಏನೂ ಆಗಿಲ್ಲ ಎಂದು ಇನ್ನು ಕೆಲವರು. ಅಲ್ಲೇ ಇರುವ ಕನ್ನಡಿಗರಿಗೆ ಏನು ಕಾಣುತ್ತದೆ? ತಪ್ಪು ಯಾವ ಪಕ್ಷದ್ದು?"

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. 2016ರ ಜೂನ್ 23ರಂದು ಹೊರಗೆ ಹೋಗೋಣ ಎಂದು ಮತ ಹಾಕಿದ ಸುಮಾರು 1 ಕೋಟಿ 74 ಲಕ್ಷ ಜನರಲ್ಲಿ ನಾನೂ ಒಬ್ಬ. ಆಗ ನನ್ನ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಅದು ಹೇಗೆ ಸಾಧ್ಯ ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಆ ಜನಮತಗಣನೆಗೂ ಅದೇ ನಿಯಮವಿತ್ತು. ಆದರೆ ಫ್ರಾನ್ಸ್, ಜರ್ಮನಿ, ಪೋಲೆಂಡಿನವರಿಗೆ ಆ ಹಕ್ಕು ಇರಲಿಲ್ಲ.

ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಎಂಬ ಊರಿನಲ್ಲಿ ನನ್ನ ಮನೆ. ಪಕ್ಕದ ಮನೆಯಲ್ಲಿ ಪೋಲೆಂಡಿನ ಎಲೆಕ್ಟ್ರಿಷಿಯನ್ ಒಬ್ಬ ಹತ್ತು ವರ್ಷದಿಂದ ತೆರಿಗೆ ಕಟ್ಟಿಕೊಂಡು ಇದ್ದ. ಮತಗಟ್ಟೆಗೆ ಹೊರಟ ನನ್ನನ್ನು ಬೇಲಿಯ ಆಚೆಯಿಂದ ನೋಡಿ, "ನನ್ನದನ್ನೂ ನೀನೇ ಹಾಕಿ ಬಾ" ಎಂದ. ನಕ್ಕು ಹೋದೆ. ಏನು ಹಾಕಿ ಬಂದೆ ಎಂಬುದನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ. ಸ್ಲೌನಲ್ಲಿ ಶೇಕಡಾ 54ರಷ್ಟು ಮತ ಹೊರಗೆ ಹೋಗುವ ಕಡೆಗೇ ಬಿದ್ದಿತ್ತು. ವಲಸಿಗರೇ ತುಂಬಿರುವ ಊರಿನಲ್ಲಿ ಇದು ಹೇಗೆ ಎಂದು ಪತ್ರಕರ್ತರು ಬೆರಗಾದರು. ನನಗೆ ಬೆರಗೇನೂ ಆಗಲಿಲ್ಲ.

ನಿಜ ಹೇಳಬೇಕೆಂದರೆ ನನ್ನದು ಹೊಟ್ಟೆಕಿಚ್ಚು. ಅಮ್ಮ ಹುಬ್ಬಳ್ಳಿಯಿಂದ ಎರಡು ತಿಂಗಳ ಮಟ್ಟಿಗೆ ಬಂದು ಹೋಗಲು ನಾವು ಬ್ಯಾಂಕಿನ ಲೆಕ್ಕ, ಪಿಂಚಣಿ ಪತ್ರ, ಇಂಗ್ಲಿಷಿಗೆ ಅನುವಾದ ಮಾಡಿಸಿದ ಜಮೀನಿನ ಪಹಣಿ ಎಲ್ಲ ಸೇರಿಸಿ ಒಂದು ಕಟ್ಟು ಕಟ್ಟುತ್ತಿದ್ದೆವು. ಪಕ್ಕದ ಮನೆಯವನ ಅತ್ತೆಯಾದರೋ ಗುರುತಿನ ಚೀಟಿ ತೋರಿಸಿ ವಿಮಾನ ಇಳಿದು ಬರುತ್ತಿದ್ದರು. ಹೊರಗೆ ಹೋಗೋಣ ಎನ್ನುವ ಪ್ರಚಾರದವರಿಗೆ ಈ ಉರಿ ಚೆನ್ನಾಗಿ ಗೊತ್ತಿತ್ತು. ಯುರೋಪಿನವರಿಗೆ ಬಾಗಿಲು ಹಾಕಿದರೆ ನಿಮ್ಮ ಕಡೆಯ ಅಡುಗೆಯವರಿಗೆ ಬಾಗಿಲು ತೆರೆಯಬಹುದು ಎಂದು ಕನ್ಸರ್ವೇಟಿವ್ ಪಕ್ಷದ ಸಚಿವೆ ಪ್ರೀತಿ ಪಟೇಲ್ ಕರಿ ಹೋಟೆಲ್ಲುಗಳನ್ನು ಉಳಿಸುವ ಹೆಸರಿನಲ್ಲಿ ಪ್ರಚಾರವನ್ನೇ ಶುರು ಮಾಡಿದ್ದರು. ಪೋಷಕರನ್ನು ಇಲ್ಲಿಗೆ ಕರೆಸಿ ನೆಲೆಗೊಳಿಸುವುದನ್ನು ಹೆಚ್ಚುಕಡಿಮೆ ಅಸಾಧ್ಯ ಮಾಡಿದ 2012ರ ನಿಯಮ ಲಂಡನ್ನಿನಲ್ಲೇ, ಗೃಹ ಸಚಿವೆಯಾಗಿದ್ದ ಥೆರೇಸಾ ಮೇ ಅವರ ಕಾಲದಲ್ಲಿ ಆದದ್ದು. ಅದಕ್ಕೂ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೂ ಸಂಬಂಧವೇ ಇರಲಿಲ್ಲ. ಇಷ್ಟು ತಿಳಿಯಲು ಪತ್ರಿಕೆ ಓದಿದರೆ ಸಾಕಿತ್ತು. ಸಿಟ್ಟಿನಲ್ಲಿದ್ದವನು ಓದಲಿಲ್ಲ.

ಇನ್ನು ಪಕ್ಷಗಳ ಮಾತು. ಇದು ಬ್ರಿಟನ್ನಿಗೂ ಯುರೋಪಿಗೂ ನಡೆದ ಜಗಳವೆಂದು ನಿಮಗೆ ದೂರದಿಂದ ಕಾಣುತ್ತಿರಬಹುದು. ನನ್ನ ಎಣಿಕೆಯಲ್ಲಿ ಇದು ಮೊದಲಿಗೆ ಕನ್ಸರ್ವೇಟಿವ್ ಪಕ್ಷದ ಮನೆಜಗಳ. ಆ ಪಕ್ಷದ ಒಂದು ಗುಂಪಿಗೆ ದಶಕಗಳಿಂದ ಬ್ರಸೆಲ್ಸ್ ಎಂದರೆ ಆಗುತ್ತಿರಲಿಲ್ಲ. ಹೊರಗಿನಿಂದ, ಒಕ್ಕೂಟ ಬಿಡುವುದೇ ಗುರಿಯಾಗಿದ್ದ ನೈಜೆಲ್ ಫರಾಜ್ ಅವರ ಆಗಿನ ಪಕ್ಷ ಯುಕಿಪ್ ಮತ ಕೀಳುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ಆಗ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರೂನ್ 2013ರ ಜನವರಿಯಲ್ಲಿ ಜನಮತಗಣನೆಯ ಮಾತು ಕೊಟ್ಟರು. 2015ರಲ್ಲಿ ಯಾರೂ ಎಣಿಸದಂತೆ ಬಹುಮತ ಬಂದು, ಕೊಟ್ಟ ಮಾತು ಕೊರಳಿಗೆ ಸುತ್ತಿಕೊಂಡಿತು. ಜನಮತಗಣನೆಯಲ್ಲಿ ಹೊರಗೆ ಹೋಗುವ ಕಡೆಗೆ ಶೇಕಡಾ 51.9, ಉಳಿಯುವ ಕಡೆಗೆ 48.1. ಮರುದಿನ ಬೆಳಿಗ್ಗೆಯೇ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು.

ಮತಪತ್ರದಲ್ಲಿ ಇರಬೇಕೇ, ಬಿಡಬೇಕೇ ಎಂದು ಕೇಳಿದ್ದರು. ಬಿಟ್ಟು ಎಲ್ಲಿಗೆ ಎಂದು ಕೇಳಿರಲಿಲ್ಲ. ನಾರ್ವೆಯಂತೆ ಏಕ ಮಾರುಕಟ್ಟೆಯೊಳಗೆ (ಸರಕು, ಜನ, ಹಣ ತಡೆಯಿಲ್ಲದೆ ಓಡಾಡುವ ವ್ಯವಸ್ಥೆ) ಉಳಿಯುವುದೋ, ಸುಂಕದ ಒಕ್ಕೂಟದಲ್ಲಿ (ಒಳಗೆ ಸುಂಕವಿಲ್ಲ, ಹೊರಗಿನ ಸರಕಿಗೆ ಎಲ್ಲರದೂ ಒಂದೇ ಸುಂಕ) ಮಾತ್ರ ಇರುವುದೋ, ಎರಡನ್ನೂ ಕಡಿದುಕೊಳ್ಳುವುದೋ ಎಂಬುದು ತೀರ್ಮಾನವಾಗದೆ ಮೂರೂವರೆ ವರ್ಷ ಕಳೆಯಿತು. ಕ್ಯಾಮರೂನ್ ನಂತರ ಪ್ರಧಾನಿಯಾದ ಥೆರೇಸಾ ಮೇ ತಂದ ಒಪ್ಪಂದ 2019ರ ಜನವರಿಯಲ್ಲಿ 432ಕ್ಕೆ 202 ಮತಗಳಿಂದ ಬಿದ್ದುಹೋಯಿತು. ಬೀಳಿಸಿದವರಲ್ಲಿ ಅವರದೇ ಪಕ್ಷದ ನೂರಕ್ಕೂ ಹೆಚ್ಚು ಸದಸ್ಯರಿದ್ದರು. ಬೋರಿಸ್ ಜಾನ್ಸನ್ ಪ್ರಧಾನಿಯಾಗಿ ಬಂದು ಸ್ವಂತ ಪಕ್ಷದ 21 ಸಂಸದರನ್ನು ಹೊರಗೆ ಹಾಕಿ, ಸಂಸತ್ತಿಗೆ ಬೀಗ ಹಾಕಲು ಹೋಗಿ ಸುಪ್ರೀಂ ಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡು, ಡಿಸೆಂಬರಿನ ಚುನಾವಣೆಯಲ್ಲಿ 365 ಸ್ಥಾನ ಗೆದ್ದರು. ಜನಕ್ಕೆ ಸುಸ್ತಾಗಿತ್ತು. ಒಮ್ಮೆ ಮುಗಿದರೆ ಸಾಕಾಗಿತ್ತು.

ನನ್ನ ಮೈಸೂರಿನ ಗೆಳೆಯನೊಬ್ಬ ಲೇಬರ್ ಪಕ್ಷಕ್ಕಾಗಿ ಮನೆ ಮನೆ ಸುತ್ತುವವನು. ಭಾನುವಾರ ಬಂದು ಉಪ್ಪಿಟ್ಟಿನ ತಟ್ಟೆ ಮುಗಿಯುವುದರೊಳಗೆ "ಇದೆಲ್ಲ ಟೋರಿಗಳ ಪಾಪ" ಎಂದು ಕನ್ಸರ್ವೇಟಿವ್ ಪಕ್ಷದವರನ್ನು ಬೈಯಲು ಶುರು ಮಾಡುತ್ತಾನೆ. ಅವನಿಗೆ ನಾನು ಹೇಳುವುದು ಇಷ್ಟೇ: ಪಾಪದಲ್ಲಿ ನಿಮಗೂ ಪಾಲಿದೆ ಮಾರಾಯ. ಆಗ ನಿಮ್ಮ ಪಕ್ಷದ ನಾಯಕರಾಗಿದ್ದ ಜೆರೆಮಿ ಕಾರ್ಬಿನ್ ಜನಮತಗಣನೆಯ ಹೊತ್ತಿನಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡಿದರು. ಯುರೋಪಿನ ಮೇಲೆ ನಿಮಗೆ ಎಷ್ಟು ಒಲವು ಎಂದರೆ ಹತ್ತಕ್ಕೆ ಏಳೋ ಏಳೂವರೆಯೋ ಎಂದರು. 2017ರ ಫೆಬ್ರುವರಿಯಲ್ಲಿ ಹೊರಹೋಗುವ ಪ್ರಕ್ರಿಯೆ ಶುರು ಮಾಡುವ ಮಸೂದೆ ಬಂದಾಗ ಅದರ ಪರವಾಗಿಯೇ ಮತ ಹಾಕಬೇಕೆಂದು ಲೇಬರ್ ಸಂಸದರಿಗೆ ಪಕ್ಷ ವಿಪ್ ಹೊರಡಿಸಿತು. 47 ಮಂದಿ ಮೀರಿದರು, ಉಳಿದವರಲ್ಲಿ ಹೆಚ್ಚಿನವರು ಪರವಾಗಿ ಮತ ಹಾಕಿದರು. 2019ರ ಹೊತ್ತಿಗೆ ಎರಡನೇ ಜನಮತಗಣನೆ ಎಂದರು. ಆ ವರ್ಷದ ಚುನಾವಣೆಯಲ್ಲಿ, ಲೇಬರ್ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರ ಹಳೆಯ ಕ್ಷೇತ್ರ ಸೆಜ್‌ಫೀಲ್ಡ್ ಕೂಡ ಪಕ್ಷವನ್ನು ಕೈಬಿಟ್ಟಿತು. ಇಷ್ಟು ಹೇಳಿದರೆ ಗೆಳೆಯ ಕಾಫಿ ಕೇಳುತ್ತಾನೆ. ಮುಂದಿನ ಭಾನುವಾರ ಮತ್ತೆ ಮೊದಲಿನಿಂದ.

ಪರಿಣಾಮದ ವಿಚಾರಕ್ಕೆ ಬರುತ್ತೇನೆ. ಇದು ನನ್ನ ಹೊಟ್ಟೆಪಾಡಿಗೇ ಸೇರಿದ್ದು. ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಸರಕು ಸಾಗಣೆ ಕಚೇರಿಯೊಂದರಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸ ಮಾಡುತ್ತೇನೆ. 2020ರವರೆಗೆ ನಮ್ಮ ಕಾಗದಪತ್ರವೆಲ್ಲ ಭಾರತ, ಚೀನಾ, ಅಮೆರಿಕದ ಸರಕಿಗೆ. ಡಬ್ಲಿನ್ನಿಗೋ ರೋಟರ್‌ಡ್ಯಾಮಿಗೋ ಹೋಗುವ ಲಾರಿಗೆ ಒಂದು ಬಿಲ್ಲು, ಒಂದು ಡೆಲಿವರಿ ಚೀಟಿ ಇದ್ದರೆ ಸಾಕಿತ್ತು, ಬೆಂಗಳೂರಿನಿಂದ ಬೆಳಗಾವಿಗೆ ಕಳಿಸಿದ ಹಾಗೆ. 2021ರ ಜನವರಿ 1ರಿಂದ ಪ್ರತಿ ಸರಕಿಗೂ ಎರಡೂ ಕಡೆ ಘೋಷಣಾಪತ್ರ, ಸರಕು ಯಾವ ಬಗೆಯದು ಎಂದು ಹೇಳುವ ಎಚ್‌ಎಸ್ ಕೋಡ್, ಮೂಲದೇಶದ ಹೇಳಿಕೆ. ಮಾಂಸ, ಹಾಲಿನ ಪದಾರ್ಥವಾದರೆ ಪಶುವೈದ್ಯರ ಸಹಿ.

ಆ ತಿಂಗಳ ಒಂದು ಕರೆ ನನಗೆ ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಹೊಲಿದ ಅಂಗಿಗಳನ್ನು ಇಲ್ಲಿಗೆ ತರಿಸಿ, ಇಲ್ಲಿಂದ ಐರ್ಲೆಂಡಿನ ಅಂಗಡಿಗಳಿಗೆ ಕಳಿಸುತ್ತಿದ್ದ ವ್ಯಾಪಾರಿಯದು. ಇಲ್ಲಿ ಒಮ್ಮೆ ಸುಂಕ ಕಟ್ಟಿದ್ದ. ಡಬ್ಲಿನ್ನಿನಲ್ಲಿ ಮತ್ತೆ ಕಟ್ಟು ಎಂದರು. "ಸುಂಕವೂ ಇಲ್ಲ, ಅಡೆತಡೆಯೂ ಇಲ್ಲ ಎಂದು ಪ್ರಧಾನಿಯೇ ಟಿವಿಯಲ್ಲಿ ಹೇಳಿದ್ದಾರಲ್ಲ!" ಎಂದು ನನ್ನ ಮೇಲೆ ಕೂಗಾಡಿದ. ಹೇಳಿದ್ದು ನಿಜ, ಕ್ರಿಸ್‌ಮಸ್ ಹಿಂದಿನ ದಿನ ಜಾನ್ಸನ್ ಹಾಗೆಯೇ ಹೇಳಿದ್ದರು. ಆದರೆ ಸುಂಕ ಇಲ್ಲದಿರುವುದು ಬ್ರಿಟನ್ನಿನಲ್ಲಿ ತಯಾರಾದ ಸರಕಿಗೆ. ಬೆಂಗಳೂರಿನ ಅಂಗಿ ಇಲ್ಲಿನ ಗೋದಾಮಿನಲ್ಲಿ ಎಷ್ಟು ದಿನ ಮಲಗಿ ಎದ್ದರೂ ಬ್ರಿಟಿಷ್ ಅಂಗಿ ಆಗುವುದಿಲ್ಲ. ಆರು ತಿಂಗಳಲ್ಲಿ ಅವನು ಐರ್ಲೆಂಡಿನ ವ್ಯಾಪಾರವನ್ನೇ ಬಿಟ್ಟ. ಅದು ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ. ಸುದ್ದಿಯಾದದ್ದು ಹಾಲೆಂಡಿನ ಬಂದರಿನಲ್ಲಿ ಲಾರಿ ಚಾಲಕನ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡು ಅಲ್ಲಿನ ಅಧಿಕಾರಿ "ಬ್ರೆಕ್ಸಿಟ್‌ಗೆ ಸ್ವಾಗತ, ಸರ್" ಎಂದದ್ದು.

ಹಾಳಾಯಿತೇ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ಅಂಗಿ ವ್ಯಾಪಾರಿಯಲ್ಲೇ ಇದೆ. ದೊಡ್ಡ ಕಂಪನಿಗಳು ಗುಮಾಸ್ತರನ್ನು ನೇಮಿಸಿಕೊಂಡು ಬದುಕಿದವು. ಸಣ್ಣವರು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಕೊಡ ಒಡೆದಿಲ್ಲ, ಸೋರುತ್ತಿದೆ. ಬಜೆಟ್‌ನ ಲೆಕ್ಕವನ್ನು ಸ್ವತಂತ್ರವಾಗಿ ನೋಡುವ ಇಲ್ಲಿನ ಸಂಸ್ಥೆಯ ಅಂದಾಜಿನಂತೆ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಶೇಕಡಾ 4ರಷ್ಟು, ಆಮದು ರಫ್ತು ಶೇಕಡಾ 15ರಷ್ಟು ಕಡಿಮೆ. ಇದು ಒಂದು ದಿನದಲ್ಲಿ ಕಣ್ಣಿಗೆ ಬೀಳುವ ನಷ್ಟವಲ್ಲ. ಕೊರೋನಾ ಬಂತು, ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಏರಿತು, ಲಿಜ್ ಟ್ರಸ್ 49 ದಿನ ಪ್ರಧಾನಿಯಾಗಿ ಗೃಹಸಾಲದ ಬಡ್ಡಿ ಏರಿಸಿ ಹೋದರು. ಯಾವ ಕಂತಿನ ನೋವು ಯಾವುದರದ್ದು ಎಂದು ಬೇರ್ಪಡಿಸುವುದು ಸುಲಭವಲ್ಲ. ಎರಡೂ ಕಡೆಯವರ ವಾದ ಇಷ್ಟು ವರ್ಷ ಬದುಕಿರುವುದಕ್ಕೆ ಇದೇ ಕಾರಣ.

ಉತ್ತರ ಐರ್ಲೆಂಡ್ ಬೇರೆಯೇ ಕಥೆ. ಅದು ಬ್ರಿಟನ್ನಿಗೆ ಸೇರಿದ್ದು; ನೆಲದ ಗಡಿಯಾಚೆಯ ಐರ್ಲೆಂಡ್ ಒಕ್ಕೂಟದಲ್ಲೇ ಉಳಿದ ಬೇರೆ ದೇಶ. ಅಣ್ಣತಮ್ಮಂದಿರು ಪಾಲಾಗುವಾಗ ಹೊಲ, ಮನೆ, ಎತ್ತು ಎಲ್ಲ ಹಂಚಿ, ಹಿತ್ತಿಲ ಬಾವಿ ಯಾರದ್ದು ಎಂದು ಕೊನೆಗೆ ನೆನಪಾದಂತೆ. ದಶಕಗಳ ರಕ್ತಪಾತದ ನಂತರ 1998ರ ಒಪ್ಪಂದದಿಂದ ಶಾಂತಿ ನೆಲೆಸಿದ ಗಡಿಯಲ್ಲಿ ಮತ್ತೆ ತಪಾಸಣೆ ಕೂಡದು. ಹಾಗಾಗಿ ತಪಾಸಣೆ ಸಮುದ್ರಕ್ಕೆ ಬಂತು, ಅಂದರೆ ಒಂದೇ ದೇಶದ ಎರಡು ಭಾಗಗಳ ನಡುವೆ. ಯಾರಾದರೂ ಫಾರಂ ತುಂಬಿ ಎಂದರೆ ನನಗೆ ಫೋನ್ ಮಾಡಿ, ಕಸದ ಬುಟ್ಟಿಗೆ ಹಾಕಲು ಹೇಳುತ್ತೇನೆ ಎಂದು ಜಾನ್ಸನ್ 2019ರಲ್ಲಿ ಅಲ್ಲಿನ ವ್ಯಾಪಾರಿಗಳಿಗೆ ಭರವಸೆ ಕೊಟ್ಟಿದ್ದರು. ಬೆಲ್‌ಫಾಸ್ಟಿಗೆ ಹೋಗುವ ಲಾರಿಗಳ ಫಾರಂ ತುಂಬುತ್ತಾ ನಾನು ಎಷ್ಟೋ ಸಲ ಆ ನಂಬರಿಗಾಗಿ ಹುಡುಕಿದ್ದೇನೆ.

ವಲಸೆಯ ವಿಚಾರದಲ್ಲಿ ಮಾತ್ರ ನನ್ನ ಹೊಟ್ಟೆಕಿಚ್ಚಿಗೆ ಸ್ವಲ್ಪ ಫಲ ಸಿಕ್ಕಿತು. 2021ರಲ್ಲಿ ಯುರೋಪಿನವರ ಮುಕ್ತ ಸಂಚಾರ ನಿಂತು ಎಲ್ಲರಿಗೂ ಒಂದೇ ನಿಯಮ ಬಂತು. ಓದು ಮುಗಿಸಿದವರು ಎರಡು ವರ್ಷ ಇದ್ದು ಕೆಲಸ ಮಾಡುವ ವೀಸಾ ಮರಳಿತು; ವೃದ್ಧರ ಆರೈಕೆಗೆ ಜನ ಬೇಕೆಂದು ಬಾಗಿಲು ತೆರೆಯಿತು. 2023ರ ಹೊತ್ತಿಗೆ ಒಂದು ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿತು, ಬಂದವರಲ್ಲಿ ಭಾರತೀಯರೇ ಮುಂದು. ವಲಸೆ ತಗ್ಗಲಿ ಎಂದು ಮತ ಹಾಕಿದ ಇಂಗ್ಲಿಷರಿಗೆ ಹೇಗಾಗಿರಬೇಡ! ಆ ಸಿಟ್ಟು ಈಗ ಪೋಲೆಂಡಿನವರನ್ನು ಬಿಟ್ಟು ನಮ್ಮ ಕಡೆ ತಿರುಗಿದೆ. ರಿಷಿ ಸುನಕ್ ಪ್ರಧಾನಿಯಾದಾಗ ಬೆಂಗಳೂರಿನ ಅಳಿಯ ಎಂದು ಊರಿನವರು ಸಂಭ್ರಮಪಟ್ಟು, ಇನ್ನು ನಿನಗೆ ವೀಸಾ ಚಿಂತೆ ಇಲ್ಲ ಎಂದು ನನಗೆ ಫೋನ್ ಮಾಡಿದ್ದರು. 2016ರಲ್ಲಿ ಅವರೂ ನನ್ನ ಹಾಗೆ ಹೊರಗೆ ಹೋಗುವ ಪರವಾಗಿದ್ದವರು. ಕೆಲಸದ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳ 26,200 ಪೌಂಡಿನಿಂದ 38,700ಕ್ಕೆ ಏರಿದ್ದು, ಆರೈಕೆ ಕೆಲಸದವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂದಾದದ್ದು ಅಳಿಯಂದಿರ ಸರ್ಕಾರದಲ್ಲೇ. ಫರಾಜ್ ಅವರ ರಿಫಾರ್ಮ್ ಪಕ್ಷ 2025ರಲ್ಲಿ ಕಾಯಂ ನೆಲೆಸುವ ಹಕ್ಕನ್ನೇ ತೆಗೆಯುತ್ತೇವೆ ಎಂದು ಸಾರಿತು. ಲೇಬರ್ ಸರ್ಕಾರ ಅದಕ್ಕೆ ಕಾಯುವ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಮಾತೆತ್ತಿತು.

2024ರ ಚುನಾವಣೆಯ ಹೊತ್ತಿಗೆ ಎರಡೂ ದೊಡ್ಡ ಪಕ್ಷಗಳು ಬ್ರೆಕ್ಸಿಟ್ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುವುದೇ ಅಪರೂಪವಾಗಿತ್ತು. ಆ ಚುನಾವಣೆಯಲ್ಲಿ ಲೇಬರ್ ಗೆದ್ದದ್ದು 411 ಸ್ಥಾನ, ಮತ ಮಾತ್ರ ಶೇಕಡಾ 33.7. ರಿಫಾರ್ಮ್‌ಗೆ ಶೇಕಡಾ 14 ಮತ ಬಿದ್ದು ಐದೇ ಸ್ಥಾನ ಸಿಕ್ಕಿತು; ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72. ಇಷ್ಟು ತೆಳು ಬುನಾದಿಯ ಮೇಲೆ ಪ್ರಧಾನಿಯಾಗಿ ಕೂತ ಲೇಬರ್ ನಾಯಕ ಕೀರ್ ಸ್ಟಾರ್ಮರ್, ಏಕ ಮಾರುಕಟ್ಟೆಗೂ ಸುಂಕದ ಒಕ್ಕೂಟಕ್ಕೂ ಮರಳುವುದಿಲ್ಲ ಎಂದು ಮೊದಲೇ ಬೇಲಿ ಹಾಕಿಕೊಂಡಿದ್ದರು. ಆ ಬೇಲಿಯೊಳಗೇ 2025ರ ಮೇ ತಿಂಗಳಲ್ಲಿ ಯುರೋಪಿನೊಂದಿಗೆ ಒಂದು ತಿಳಿವಳಿಕೆಗೆ ಬಂದರು: ಬ್ರಿಟನ್ನಿನ ಕಡಲಲ್ಲಿ ಮೀನು ಹಿಡಿಯಲು ಯುರೋಪಿನ ದೋಣಿಗಳಿಗೆ ಇನ್ನೂ 12 ವರ್ಷ ಅವಕಾಶ ಕೊಟ್ಟು, ಬದಲಿಗೆ ಆಹಾರ ಪದಾರ್ಥಗಳ ತಪಾಸಣೆ, ಪ್ರಮಾಣಪತ್ರಗಳಲ್ಲಿ ಹೆಚ್ಚಿನವನ್ನು ತೆಗೆಯುವ ಒಪ್ಪಂದದತ್ತ ಸಾಗುವುದು.

ನಮ್ಮ ಕಚೇರಿಯ ಹಿರಿಯ ಇಂಗ್ಲಿಷಿನವನು. ಮೂವತ್ತು ವರ್ಷ ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹಾಕಿ ಈಗ ರಿಫಾರ್ಮ್ ಎನ್ನುತ್ತಿದ್ದಾನೆ. ಬ್ರಸೆಲ್ಸಿನ ಕಾಗದಪತ್ರದ ಕಾಟ ತೊಲಗಲಿ ಎಂದು 2016ರಲ್ಲಿ ಅವನೂ ನನ್ನ ಕಡೆಯೇ ಮತ ಹಾಕಿದವನು. 2021ರ ನಂತರ ಕೆಲಸ ಮೇಲೆ ಬಿದ್ದು ನಮ್ಮ ವಿಭಾಗ ನಾಲ್ಕು ಜನರಿಂದ ಹನ್ನೊಂದಕ್ಕೆ ಬೆಳೆದಿದೆ. ನನ್ನ ಮನೆಯ ಮುಂಗಡ ಹುಟ್ಟಿದ್ದು ಆ ಓವರ್‌ಟೈಮಿನಲ್ಲಿ. ಆ ತಿಳಿವಳಿಕೆಯ ಸುದ್ದಿ ಬಂದ ದಿನ ಅವನು ಟೀ ಲೋಟ ಹಿಡಿದು ನನ್ನ ಮೇಜಿನ ಬಳಿ ನಿಂತು, ಆಹಾರದ ಸರಕಿನ ಫೈಲುಗಳ ಸಾಲನ್ನು ಸ್ವಲ್ಪ ಹೊತ್ತು ನೋಡಿ, "ಇದೆಲ್ಲ ಹೋದರೆ ನಮ್ಮಲ್ಲಿ ಎಷ್ಟು ಜನ ಉಳಿಯುತ್ತೇವೆ, ಲೆಕ್ಕ ಹಾಕಿದ್ದೀಯಾ?" ಎಂದು ಕೇಳಿದ. ಹಾಕಿದ್ದೆ. ಆರು.