ಕೇಳಿಸದಿದ್ದರೂ ‘ಹೂಂ’ ಎನ್ನುತ್ತಿದ್ದ ಕೋ-ಪೈಲಟ್

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬದಲಿಸಿದ್ದೇನೆ. ವಿಮಾನ ಸಂಸ್ಥೆ, ನಿಲ್ದಾಣಗಳ ಗುರುತು ಬಿಟ್ಟಿದ್ದೇನೆ.

ಶ್ರೀನಿಧಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರು. ವಯಸ್ಸು ಮೂವತ್ತರೊಳಗೆ. ಖಾಸಗಿ ವಿಮಾನ ಸಂಸ್ಥೆಯೊಂದರಲ್ಲಿ ಕೋ-ಪೈಲಟ್. ರಜೆಯಲ್ಲಿ ಊರಿಗೆ ಬಂದವರನ್ನು ಅಕ್ಕ ನನ್ನ ಹತ್ತಿರ ಕರೆತಂದರು. “ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಮೇಡಂ. ಕೆಲಸ ಬಿಟ್ಟು ಅಪ್ಪನ ಜೊತೆ ಅಡಿಕೆ ತೋಟ ನೋಡಿಕೊಳ್ತೇನೆ ಅಂತಾನೆ” ಎಂದರು.

ಅಕ್ಕ ಹೊರಗೆ ಕೂತ ಮೇಲೆ ವಿಷಯ ಬಂತು. ಕೆಲವು ತಿಂಗಳ ಹಿಂದೆ, ಮಳೆಯ ರಾತ್ರಿ ವಿಮಾನ ಇಳಿಸುವಾಗ, ಅದೇ ಫ್ರೀಕ್ವೆನ್ಸಿಯಲ್ಲಿ ಇವರದ್ದನ್ನೇ ಹೋಲುವ ಕಾಲ್‌ಸೈನ್‌ನ (ರೇಡಿಯೋದಲ್ಲಿ ವಿಮಾನವನ್ನು ಕರೆಯುವ ಹೆಸರು) ಇನ್ನೊಂದು ವಿಮಾನವಿತ್ತು. ಅದಕ್ಕೆ ಕೊಟ್ಟ ಎತ್ತರವನ್ನು ಶ್ರೀನಿಧಿ ತಮ್ಮದೆಂದು ತಿಳಿದು ಮರುನುಡಿದರು. ಆ ವಿಮಾನದವರೂ ಅದೇ ಹೊತ್ತಿಗೆ ಮೈಕ್ ಒತ್ತಿದ್ದರು. ನೆಲದಿಂದ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್‌ಗೆ ಕೇಳಿಸಿದ್ದು ಕಿರ್ರೆಂಬ ಸದ್ದು. ಅವರು ಇಬ್ಬರನ್ನೂ ಮತ್ತೊಮ್ಮೆ ಹೇಳಿ ಎಂದರು, ತಪ್ಪು ಅಲ್ಲೇ ತಿಳಿಯಿತು. ಅನಾಹುತ ಏನೂ ಆಗಲಿಲ್ಲ. ಕ್ಯಾಪ್ಟನ್ ಮಾತ್ರ, “ಕಿವಿ ಎಲ್ಲಿಟ್ಟಿದ್ದೀ?” ಎಂದು ಹಿಂದಿಯಲ್ಲಿ ಗದರಿದರು.

ಅಲ್ಲಿಂದ ಮುಂದೆ, ಇಳಿಯುವ ಹೊತ್ತು ಬಂತೆಂದರೆ ಎದೆ ಬಿಗಿಯುತ್ತದೆ, ಕಿವಿಗೆ ಬಿದ್ದ ಅಂಕಿ ತಲೆಗೆ ಹತ್ತುವುದಿಲ್ಲ. ಅದಕ್ಕೆ ಅವರೇ ಒಂದು ದಾರಿ ಹುಡುಕಿಕೊಂಡಿದ್ದರು. ಕ್ಯಾಪ್ಟನ್ ಎತ್ತರದ ಗುಂಡಿ ತಿರುಗಿಸಿದಾಗ ಅಂಕಿ ತೋರಿಸುವ ಪುಟ್ಟ ಕಿಟಕಿಯಲ್ಲಿ ಏನು ಬರುತ್ತದೋ ಅದನ್ನೇ ರೇಡಿಯೋದಲ್ಲಿ ಓದಿ ಹೇಳುವುದು. “ಈವರೆಗೆ ಒಂದೂ ತಪ್ಪಿಲ್ಲ ಮೇಡಂ” ಎಂದರು.

ನನಗೆ ಅವರ ನಿದ್ದೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಇದು. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ಮರುನುಡಿಯುವುದು, ಅದನ್ನು ಕಂಟ್ರೋಲರ್ ಕೇಳಿ ತಾಳೆ ನೋಡುವುದು ನಿಯಮ. ಕಾಕ್‌ಪಿಟ್‌ನಲ್ಲಿ ಇಬ್ಬರಿರುವುದೂ ಎರಡು ಜೊತೆ ಕಿವಿ ಬೇರೆಬೇರೆಯಾಗಿ ಕೇಳಲಿ ಎಂದು. ಶ್ರೀನಿಧಿ ಒಂದು ಜೊತೆಯನ್ನು ತೆಗೆದುಹಾಕಿದ್ದರು. ಕ್ಯಾಪ್ಟನ್ ತಪ್ಪು ಕೇಳಿಸಿಕೊಂಡರೆ ಇವರೂ ಅದೇ ತಪ್ಪನ್ನು ಹೇಳುತ್ತಾರೆ. ಆಮೇಲೆ ಉಳಿಯುವುದು ಕಂಟ್ರೋಲರ್ ಒಬ್ಬರ ಎಚ್ಚರ. ಅದೂ ತಪ್ಪಬಹುದು. 1989ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದಲ್ಲಿ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳುತ್ತ ಕಂಟ್ರೋಲರ್ ಅಂದದ್ದು ‘ಟೂ ಫೋರ್ ಝೀರೋ ಝೀರೋ’. ಮೊದಲ ‘ಟೂ’ ವಿಮಾನದವರಿಗೆ ಅಂಕಿಯಾಗಿ ಅಲ್ಲ, ‘ಗೆ’ ಎಂಬರ್ಥದ ‘ಟು’ ಆಗಿ ಕೇಳಿಸಿತು. ‘ಫೋರ್ ಝೀರೋ ಝೀರೋ’ ಎಂದು ಮರುನುಡಿದು 400 ಅಡಿಗೆ ಇಳಿಯಹೊರಟರು. ಕಂಟ್ರೋಲರ್ ತಿದ್ದಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ನಾಲ್ವರು ಸತ್ತರು.

ಶ್ರೀನಿಧಿಯವರ ಶ್ರವಣ ಪರೀಕ್ಷೆ ಸರಿಯಿದೆ. ವೈಮಾನಿಕ ಇಂಗ್ಲಿಷ್‌ನಲ್ಲಿ ಲೆವೆಲ್ 4 ಸಾಕು, ಇವರದ್ದು 5. ಹಾಗಾದರೆ ‘ಸೇ ಅಗೇನ್’ (ಮತ್ತೊಮ್ಮೆ ಹೇಳಿ) ಎನ್ನಲು ಏನು ಅಡ್ಡಿ? ಎರಡನೆಯ ಭೇಟಿಯಲ್ಲಿ ಇದನ್ನೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಶಾಲೆಯ ಸಂಗತಿ ಹೇಳಿದರು. ಕನ್ನಡ ಮಾಧ್ಯಮದ ತರಗತಿ, ಗಣಿತಕ್ಕೆ ಬಂದವರಿಗೆ ಮಲಯಾಳ ಮಾತ್ರ ಬರುತ್ತಿತ್ತು. ಎರಡು ಸಲ ಕೇಳಿದ ಹುಡುಗ ದಡ್ಡ. ಮೂರನೆಯ ಸಲ ಇವರು ತಲೆಯಾಡಿಸಿದರು. ಅಪ್ಪನ ಜೊತೆ ಕಚೇರಿಗೆ ಹೋದಾಗಲೂ ಅದೇ. ಗುಮಾಸ್ತರು ಮಲಯಾಳದಲ್ಲಿ ಏನೋ ಹೇಳುತ್ತಾರೆ, ಅಪ್ಪ “ಹೂಂ ಸಾರ್, ಹೂಂ ಸಾರ್” ಎಂದು ಕೈಮುಗಿದು ಬರುತ್ತಾರೆ, ಜಗಲಿಯಲ್ಲಿ ನಿಂತು ಮಗನನ್ನು ಕೇಳುತ್ತಾರೆ: “ಎಂತ ಹೇಳಿದ್ದು ಅವರು?”

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡ ಮನೆಗಳಲ್ಲಿ ಈ ಹೂಂ ತಲೆಮಾರುಗಳಿಂದ ನಡೆದು ಬಂದಿದೆ. ಹಿರಿಯರಿಗೆ ಅದು ಮಾನ ಉಳಿಸಿಕೊಳ್ಳುವ ದಾರಿಯಾಗಿತ್ತು. ಅವರನ್ನು ನಾನು ದೂರಲಾರೆ.

2010ರ ಮೇ 22ರ ಮಂಗಳೂರು ವಿಮಾನ ದುರಂತದ ಮಾತನ್ನು ಶ್ರೀನಿಧಿಯೇ ಎತ್ತಿದರು. ಸತ್ತ 158 ಮಂದಿಯಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಜನ. ತನಿಖಾ ವರದಿಯನ್ನು ಅವರು ತರಬೇತಿಯಲ್ಲಿ ಓದಿದ್ದರು. ಕೋ-ಪೈಲಟ್ ಮೂರು ಸಲ ‘ಗೋ ಅರೌಂಡ್’ (ಇಳಿಯದೆ ಮತ್ತೆ ಮೇಲೇರಿ) ಎಂದದ್ದು ಅನೇಕರಿಗೆ ಗೊತ್ತು. ಅದರ ನಡುವೆಯೇ, ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿದ್ದಾಗ, ಐಎಲ್‌ಎಸ್ ಹಾದಿಗೆ (ರೇಡಿಯೋ ಸಂಕೇತಗಳು ತೋರಿಸುವ ಇಳಿಯುವ ಹಾದಿ) ಬಂದಿರಾ ಎಂಬ ಟವರ್‌ನ ಪ್ರಶ್ನೆಗೆ ಅದೇ ಕೋ-ಪೈಲಟ್ ಕ್ಯಾಪ್ಟನ್‌ಗೆ ಮಣಿದು ‘ಅಫರ್ಮೇಟಿವ್’ (ಹೌದು) ಎಂದಂತೆ ಕಾಣುತ್ತದೆ ಎಂದೂ ವರದಿ ಹೇಳುತ್ತದೆ. “ಅಲ್ಲಿ ನಾನಿದ್ದಿದ್ದರೂ ಹಾಗೇ ಹೇಳ್ತಿದ್ದೆ ಮೇಡಂ” ಎಂದು ಶ್ರೀನಿಧಿ ಅತ್ತರು.

ನನ್ನ ಮೊದಲ ಸಲಹೆ ಅವರಿಗೆ ಹಿಡಿಸಲಿಲ್ಲ: ಈ ಸ್ಥಿತಿಯಲ್ಲಿ ಹಾರಬೇಡಿ, ಸಂಸ್ಥೆಗೆ ನೀವೇ ತಿಳಿಸಿ, ವಿಮಾನ ಸಿಬ್ಬಂದಿಯನ್ನು ಪರೀಕ್ಷಿಸುವ ವೈದ್ಯರನ್ನು ಕಾಣಿ, ಅವರಿಗೆ ಹೇಳದೆ ನಿದ್ದೆ ಮಾತ್ರೆ ಮುಟ್ಟಬೇಡಿ. ಇತರರ ಜೀವಕ್ಕೆ ಅಪಾಯವಿದ್ದರೆ ಗೌಪ್ಯತೆಗೆ ಮಿತಿಯಿದೆ ಎಂದು ಮೊದಲ ದಿನವೇ ಹೇಳಿದ್ದೆ, ಮತ್ತೊಮ್ಮೆ ನೆನಪಿಸಿದೆ. ಲೈಸೆನ್ಸ್ ಹೋಗುತ್ತದೆಂಬ ಭಯ ಸುಳ್ಳಲ್ಲ. ಆದರೆ ಮುಚ್ಚಿಟ್ಟು ಹಾರಿದರೆ ಆಗಬಹುದಾದದ್ದು ಅದಕ್ಕಿಂತ ಕೆಟ್ಟದು. ವಾರದೊಳಗೆ ತರಬೇತಿ ಕ್ಯಾಪ್ಟನ್‌ಗೆ ಹೇಳಿದರು. ಅವರು ಬೈಯಲಿಲ್ಲ, ರೋಸ್ಟರ್‌ನಿಂದ ಬಿಡುವು ಕೊಡಿಸಿದರು.

ಆಮೇಲೆ ಮನೆಯ ಅಭ್ಯಾಸ. ಟಿವಿ ಜೋರಾಗಿ ಹಾಕಿ ಅಕ್ಕ ಅಂಕಿಗಳನ್ನು ಓದಬೇಕು, ನಡುವೆ ಒಂದನ್ನು ಬೇಕೆಂದೇ ನುಂಗಬೇಕು. ತಮ್ಮ ಊಹಿಸುವಂತಿಲ್ಲ, ತಡೆದು ಕೇಳಬೇಕು. ಸಿಮ್ಯುಲೇಟರ್‌ಗೆ ಹೋದಾಗ ಕೇಳಿದ ಎತ್ತರವನ್ನು ಮೊದಲು ಚೀಟಿಯಲ್ಲಿ ಬರೆದು, ಅದನ್ನು ನೋಡಿ ಮರುನುಡಿದು, ಆಮೇಲೆಯೇ ಕಿಟಕಿಯ ಅಂಕಿಯೊಡನೆ ಹೋಲಿಸಬೇಕು. ಹೊರಡುವ ಮೊದಲೇ ಕ್ಯಾಪ್ಟನ್‌ಗೆ “ಸಂಶಯ ಬಂದರೆ ಟವರ್ ಅನ್ನು ಮತ್ತೆ ಕೇಳುತ್ತೇನೆ” ಎಂದು ಹೇಳಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ವಿಲ್ಲೇಜ್ ಆಫೀಸಿನ ಕೆಲಸ. ಅಪ್ಪನ ಜಾಗದ ಕಾಗದಕ್ಕಾಗಿ ಹೋಗಿ, ಅರ್ಥವಾಗದ ಕಡೆ ಎಲ್ಲರೆದುರು “ಒನ್ನುಕೂಡಿ ಪರಯಾಮೋ” (ಇನ್ನೊಮ್ಮೆ ಹೇಳಬಹುದೇ) ಎಂದು ಮಲಯಾಳದಲ್ಲಿ ಕೇಳಬೇಕಿತ್ತು. ಮೊದಲ ಸಲ ಕೇಳದೆ ವಾಪಸು ಬಂದರು. ಮರುವಾರ ಕೇಳಿದರು. ಗುಮಾಸ್ತರು ಇನ್ನೊಮ್ಮೆ ನಿಧಾನವಾಗಿ ಹೇಳಿದರಂತೆ.

ನಿದ್ದೆ ಈಗ ಬರುತ್ತಿದೆ. ಸಿಮ್ಯುಲೇಟರ್‌ನಲ್ಲಿ ಎದೆ ಬಿಗಿಯುವುದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ವೈದ್ಯರು ಒಪ್ಪಿದ ಮೇಲಷ್ಟೇ ಪ್ರಯಾಣಿಕರಿರುವ ವಿಮಾನ. ಕಳೆದ ಭೇಟಿಗೆ ಅಪ್ಪನೂ ಬಂದಿದ್ದರು. ಮಗ ಹಾರುವುದು ಬೇಡವೋ ಏನೋ ಎಂದರು. ಅದನ್ನು ಅವರೂ ನಾನೂ ನಿರ್ಧರಿಸುವಂತಿಲ್ಲ, ಮಗ ಮತ್ತು ವೈದ್ಯರು ನಿರ್ಧರಿಸಲಿ ಎಂದೆ. ಅವರಿಂದ ಆಗುವುದು ಬೇರೆಯಿದೆ: ಮನೆಯಲ್ಲಿ ಮಗ ಒಂದನ್ನು ಎರಡನೆಯ ಸಲ ಕೇಳಿದರೆ “ಎಷ್ಟು ಸಲ ಹೇಳುವುದು ಮಾರಾಯ” ಎನ್ನದೆ ಉತ್ತರ ಕೊಡಿ ಎಂದು ಹೇಳಿ ಕಳುಹಿಸಿದ್ದೇನೆ.