ಮೊಣಕಾಲಿಗೆ ಜೆಲ್ ಇಂಜೆಕ್ಷನ್: ಅಪ್ಪನಿಗೆ ಬೇಡ, ತಮ್ಮನ ಮಾತು ಬೇರೆ

ಪ್ರಶ್ನೆ: ಡಾಕ್ಟರೇ, ನಮ್ಮದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಪ್ಪನಿಗೆ 63 ವರ್ಷ, ಕುಣಿಮಗ್ಗದಲ್ಲಿ ಖಣ ನೇಯ್ದುಕೊಂಡೇ ಬಂದವರು. ಎರಡೂ ಮೊಣಕಾಲಲ್ಲಿ ಎಲುಬಿಗೆ ಎಲುಬು ತಾಗುತ್ತಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ. ಜೆಲ್ ಇಂಜೆಕ್ಷನ್ ಕೊಟ್ಟರೆ ಹೊಸ ಕಾರ್ಟಿಲೇಜ್ (ಕೀಲಿನಲ್ಲಿ ಎಲುಬಿನ ತುದಿಗಿರುವ ನುಣುಪಾದ ಹೊದಿಕೆ) ಬೆಳೆಯುತ್ತದೆ, ಆಪರೇಷನ್ ಬೇಕಿಲ್ಲ ಎಂದು ಒಬ್ಬರು ಲಕ್ಷಗಟ್ಟಲೆ ಖರ್ಚು ಹೇಳಿದರು. ಮಾಡಿಸಲೇ? 24 ವರ್ಷದ ತಮ್ಮನಿಗೂ ಕಬಡ್ಡಿಯಲ್ಲಿ ಪೆಟ್ಟಾಗಿದೆ. ಎಂಆರ್‌ಐಯಲ್ಲಿ ಕಾರ್ಟಿಲೇಜ್ ಒಂದು ಕಡೆ ಸಣ್ಣಗೆ ಕಿತ್ತುಹೋದದ್ದು ಕಂಡಿದೆ.

ಉತ್ತರ: ಅಪ್ಪಾವರಿಗೆ ಬೇಡ. ಇದಕ್ಕಾಗಿ ಸಾಲವನ್ನಂತೂ ಮಾಡಲೇಬೇಡಿ.

ಜೆಲ್ ಅನ್ನೋದು ಸುಳ್ಳಲ್ಲ. ಸೀಗಡಿ, ಏಡಿಗಳ ಚಿಪ್ಪಿನಿಂದ ಕೈಟೋಸಾನ್ ಎಂಬ ವಸ್ತು ತೆಗೆಯುತ್ತಾರೆ. ಅದಕ್ಕೆ ಒಂದು ಬಗೆಯ ಉಪ್ಪು ಬೆರೆಸಿದರೆ ತಣ್ಣಗಿರುವಾಗ ಸಿರಿಂಜಿನಲ್ಲಿ ಸಲೀಸಾಗಿ ಹರಿಯುತ್ತದೆ. ಒಳಗೆ ಹೋಗಿ ಮೈಯ 37 ಡಿಗ್ರಿ ಕಾವು ತಾಗಿತೋ, ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಕಾರ್ಟಿಲೇಜ್ ಕಿತ್ತುಹೋದ ಗುಳಿಯ ಆಕಾರಕ್ಕೆ ಕೂರುತ್ತದೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಜೀವಕೋಶಗಳು ಸೇರಿಕೊಂಡು ಬೆಳೆಯಬೇಕು. ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟುತ್ತಾರಲ್ವಾ, ಹಾಗೆ. ಬೇಗ ಕರಗಿದರೆ ಹೊಸ ಅಂಗಾಂಶ ಕುಸಿಯುತ್ತದೆ, ತಡವಾದರೆ ಅದಕ್ಕೆ ಬೆಳೆಯಲು ಜಾಗವೇ ಇರುವುದಿಲ್ಲ. ಈ ಲೆಕ್ಕ ಸರಿಮಾಡುವುದೇ ದೊಡ್ಡ ಕೆಲಸ. ತಾನೇ ಕರಗುವ ಹೊಲಿಗೆ ದಾರದ ಪಾಲಿಮರ್ ಬಳಸಿಯೂ ಇಂಥವನ್ನು ಮಾಡುತ್ತಾರೆ.

ಆದರೆ ಈ ಜೆಲ್ ನಿಲ್ಲಬೇಕಾದರೆ ಗುಳಿಗೆ ಅಂಚು ಬೇಕು. ಸುತ್ತ ಆರೋಗ್ಯವಾದ ಕಾರ್ಟಿಲೇಜ್ ಇರಬೇಕು. ಮೊಣಕಾಲಿನಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ. ರಕ್ತನಾಳ ಇಲ್ಲದ್ದರಿಂದ ತಾನಾಗಿ ಸರಿಯಾಗಿ ಕೂಡುವುದಿಲ್ಲ. ನರವೂ ಇಲ್ಲ, ಹಾಗಾಗಿ ಎಷ್ಟೋ ಜನರಿಗೆ ನೋವು ಗೊತ್ತಾಗುವಷ್ಟರಲ್ಲಿ ಸವೆತ ಜಾಸ್ತಿಯಾಗಿರುತ್ತದೆ. ಅಪ್ಪಾವರ ಕಾಲಿನಲ್ಲಿ ಈಗ ಅಂಚೂ ಉಳಿದಿಲ್ಲ, ಎಲುಬೂ ಬದಲಾಗಿದೆ.

ನಿಮಗೆ ಹೇಳಿದ್ದು ಹಯಲುರಾನಿಕ್ ಆಸಿಡ್ ಇಂಜೆಕ್ಷನ್ ಇರಬಹುದು. ಅದು ಕೀಲಿಗೆ ಜಾರಿಕೆ ಕೊಡುತ್ತದೆ, ಕೆಲವರಿಗೆ ಕೆಲವು ತಿಂಗಳು ಹಾಯೆನಿಸುತ್ತದೆ. ಕಾರ್ಟಿಲೇಜ್ ಬೆಳೆಸುವುದಿಲ್ಲ. ಔಷಧದ ಹೆಸರನ್ನೂ, ಯಾವ ಅನುಮತಿ ಇದೆ ಎನ್ನುವುದನ್ನೂ ಬರೆದುಕೊಡಿ ಅಂತ ಕೇಳಿ. ‘ಪ್ರಯೋಗ’ ಎಂದರೆ ಸಿಟಿಆರ್‌ಐ (ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ) ನೋಂದಣಿ ಸಂಖ್ಯೆ ಕೇಳಿ. ಪ್ರಯೋಗದ ಔಷಧಕ್ಕೆ ರೋಗಿಯಿಂದ ದುಡ್ಡು ಕೇಳಿದರೆ ಎದ್ದು ಬನ್ನಿ. ಅಪ್ಪಾವರಿಗೆ ತೊಡೆಯ ಸ್ನಾಯುವಿನ ವ್ಯಾಯಾಮ, ತೂಕ ಇಳಿಸುವುದು, ಅದಕ್ಕೂ ಬಗ್ಗದಿದ್ದರೆ ಕೀಲು ಬದಲಾವಣೆ. ಅದಕ್ಕೆ ಸರ್ಕಾರಿ ಆರೋಗ್ಯ ಯೋಜನೆಯ ನೆರವು ಸಿಗುತ್ತದೆಯೇ ಅಂತ ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಗುಳಿ ತುಂಬುವ ಜೆಲ್ ಚಿಕಿತ್ಸೆ ತಮ್ಮನಂಥವರಿಗಾಗಿಯೇ ಹುಟ್ಟಿದ್ದು. ಎಲುಬಿಗೆ ಸಣ್ಣ ರಂಧ್ರ ಕೊರೆದು, ರೋಗಿಯದೇ ರಕ್ತಕ್ಕೆ ಕೈಟೋಸಾನ್ ಬೆರೆಸಿ ತುಂಬುವ ಬಗ್ಗೆ 80 ಜನರ ಮೇಲೆ ನಡೆದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಬರೀ ರಂಧ್ರ ಕೊರೆಸಿಕೊಂಡವರಿಗಿಂತ ಜೆಲ್ ಹಾಕಿಸಿಕೊಂಡವರ ಗುಳಿ ಚೆನ್ನಾಗಿ ತುಂಬಿತ್ತು. ಆದರೆ ಒಂದು ವರ್ಷಕ್ಕೆ ನೋವು, ಓಡಾಟದಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮಸಮ. ಆಸೆ ಇಟ್ಟುಕೊಳ್ಳಿ, ಅವಸರ ಬೇಡ. ಮೊದಲು ಅವನ ಲಿಗಮೆಂಟ್ (ಕೀಲಿನ ಎಲುಬುಗಳನ್ನು ಬಿಗಿಹಿಡಿಯುವ ಪಟ್ಟಿ) ಪರೀಕ್ಷೆ ಮಾಡಿಸಿ. ಕಬಡ್ಡಿ ಪೆಟ್ಟಿನಲ್ಲಿ ಅದೂ ಹರಿದಿರುವುದುಂಟು. ಕೀಲು ಅಲುಗಾಡುತ್ತಿದ್ದರೆ ಯಾವ ಜೆಲ್ ತುಂಬಿದರೂ ಕಿತ್ತುಬರುತ್ತದೆ.